ಮೂರು ಜಾಡಿ

ಮೊದಲು ಕಿಟಕಿ ತೆರೆ, ಕಾಜಿಕ್. ಚಳಿಯಾದರೆ ಆಗಲಿ.
ನಾಟಿಂಗ್‌ಹ್ಯಾಮಿನ ಫೆಬ್ರವರಿಗೆ ಸ್ವೆಟರಿದೆ,
ಮುಚ್ಚಿದ ಕೋಣೆಯ ಅಸಿಟೋನಿಗೆ ಏನೂ ಇಲ್ಲ.
ಒಲೆ ಆರಿಸು. ಚಹಾ ಆಮೇಲೆ.
ಕೈಗವಸು ಹಾಕಿಕೋ, ಆ ನೀಲಿಯದು,
ಬೆರಳ ತುದಿ ಜೋತುಬಿದ್ದರೂ ಪರವಾಗಿಲ್ಲ.

ನಲವತ್ತೊಂದು ವರ್ಷ ಹಲ್ಲುಸೆಟ್ಟು ಮಾಡಿದವಳು ನಾನು.
ಸ್ನೆಂಟನ್ನಿನ ಅರ್ಧ ನಗು
ಈ ಕೈಯಿಂದ ಹೋದದ್ದು.
ಮೇಣ, ಅಕ್ರಿಲಿಕ್ಕು, ಕೋಬಾಲ್ಟು, ಪ್ಲಾಸ್ಟರು,
ಒಂದೊಂದಕ್ಕೂ ಒಂದೊಂದು ಹದ.
ಹದ ತಪ್ಪಿದರೆ ದವಡೆಯೇ ಬಂದು ಹೇಳುತ್ತದೆ,
ಬೈಗುಳದಲ್ಲಿ.

ಇವು ನಮ್ಮ ಹೆಡ್ಲಿಯ ಸಿಪಾಯಿಗಳು.
ಬಿಸ್ಕತ್ತಿನ ಡಬ್ಬದಲ್ಲಿ ಮುನ್ನೂರು ಚಿಲ್ಲರೆ,
ಒಬ್ಬೊಬ್ಬನೂ ಹೆಬ್ಬೆರಳಿನಷ್ಟು ಎತ್ತರ.
ದಪ್ಪ ಕೈ ನನ್ನ ತಮ್ಮನದು;
ಗೋಡೆಗೆ ಸುಣ್ಣ ಹೊಡೆದ ಹಾಗೆ ಬಣ್ಣದ ಮೇಲೆ ಬಣ್ಣ,
ಗುಂಡಿ, ಮೀಸೆ, ಹುಬ್ಬು ಎಲ್ಲ ಹೂತುಹೋಗಿವೆ.
ಮಾರುತ್ತೀಯಾ ಎಂದು ಕೇಳಬೇಡ.
ಇನ್ನೂ ಗೊತ್ತಿಲ್ಲ.

ಅಂಗೈಯಲ್ಲಿಟ್ಟು ತೂಗು.
ತಣ್ಣಗೆ, ಭಾರವಾಗಿ ಕೂತರೆ ಲೋಹ.
ಅದಕ್ಕೆ ಅಸಿಟೋನು, ಗಾಜಿನ ಜಾಡಿಯಲ್ಲಿ ಮಾತ್ರ.
ಸ್ವಲ್ಪ ಹೊತ್ತಿಗೆ ಬಣ್ಣ ಸುಕ್ಕುಗಟ್ಟಿ
ಹಾವಿನ ಪೊರೆಯಂತೆ ಸಡಿಲಾಗುತ್ತದೆ.
ಅಂಟೂ ಬಿಡುತ್ತದೆ; ತೋಳು ಕಳಚಿ ಬಿದ್ದರೆ ಗಾಬರಿಯಾಗಬೇಡ,
ಜಾಡಿಯ ತಳದಲ್ಲಿ ಹುಡುಕು.
ಹಳೆಯವರ ಮೈಯಲ್ಲಿ ಸೀಸ ಇರುತ್ತದೆ.
ಒಣಗಿದ್ದನ್ನು ಕೆರೆಯಬೇಡ, ಊದಬೇಡ,
ಬೆರಳು ಬಾಯಿಗೆ ಒಯ್ಯಬೇಡ...
ಒಯ್ದೆ ನೋಡು, ಈಗಷ್ಟೆ!

ಹಗುರ, ಹಲ್ಲಿಗೆ ತಾಕಿದ ಉಗುರಿನಂತೆ ಟಿಕ್ಕೆಂದರೆ ಪ್ಲಾಸ್ಟಿಕ್ಕು.
ಅಸಿಟೋನು ಅದರ ಯಮ.
ಐಸೊಪ್ರೊಪೈಲಿನಲ್ಲಿ ರಾತ್ರಿಯಿಡೀ ನೆನೆಯಲಿ,
ಬೆಳಿಗ್ಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು ಸಾಕು.
ಇನ್ನು ಈ ಕೆನೆಬಣ್ಣದ್ದು, ಮುರಿದಲ್ಲಿ ಪುಡಿಯಾಗುವುದು, ರೆಸಿನ್ನು.
ರೆಸಿನ್ನು ನನ್ನ ಗಂಡನ ಹಾಗೆ,
ಒಂದು ಗ್ಲಾಸಿಗೆ ಗಟ್ಟಿ, ಎರಡನೆಯದಕ್ಕೆ ಮೆತ್ತಗೆ.
ಅದೇ ದ್ರವ, ಹತ್ತೇ ನಿಮಿಷ, ಎತ್ತು, ನೋಡು,
ಬೇಕಾದರೆ ಮತ್ತೆ ಅದ್ದು.

ಏ, ಅವನನ್ನೆಲ್ಲಿ ಹಾಕಿದೆ?

ಡೋಲು ಬಾರಿಸುವವನು.
ಮೊದಲು ಮೂಗು ಹೋಯಿತು,
ಆಮೇಲೆ ಮುಖವೆಲ್ಲ ಅಗಿದ ಗಮ್ಮಿನ ಹಾಗೆ,
ಕೋಲು ಹಿಡಿದ ಕೈ ಡೋಲಿಗೇ ಅಂಟಿಕೊಂಡಿತು.
ಆತುರಗಾರನಿಗೆ ಬುದ್ಧಿ ಮಟ್ಟ!
ಅಳಬೇಡ, ನಿನಗಲ್ಲ ಹೇಳಿದ್ದು.
ಜಾಡಿಗೆ ಚೀಟಿ ಅಂಟಿಸದವಳು ನಾನು.
ಚೀಟಿ ತಪ್ಪಿ ಒಮ್ಮೆ
ಒಬ್ಬಳ ಹಲ್ಲು ಇನ್ನೊಬ್ಬಳ ಬಾಯಿಗೆ ಹೋಗಿತ್ತು;
ಎರಡು ವಾರ ಅದರಲ್ಲೇ ನಕ್ಕಳು ಪುಣ್ಯಾತ್ಗಿತ್ತಿ,
ಯಾರಿಗೂ ಹೇಳದೆ.

ಇಲ್ಲಿ ಬಾ. ಈ ಕುದುರೆ ಸವಾರನನ್ನು ನೋಡು.
ಬೂದಿ ಹೋಯಿತು, ಹಸಿರು ಹೋಯಿತು,
ಎಲ್ಲಕ್ಕಿಂತ ಅಡಿಯಲ್ಲಿ, ಕೋಟಿನ ಮೇಲೆ, ಈ ಕೆಂಪು.
ಬಣ್ಣದ ಅಂಗಡಿಯದಲ್ಲ ಇದು.
ನನ್ನ ಉಗುರುಬಣ್ಣ.
ಹದಿನಾರರಲ್ಲಿ ಮೊದಲ ಸಂಬಳದಲ್ಲಿ ಕೊಂಡ ಸೀಸೆ
ಮೂರೇ ದಿನಕ್ಕೆ ಮಾಯವಾಗಿತ್ತು.
ಹೆಡ್ಲಿಯ ಕೆನ್ನೆಗೆ ಬಾರಿಸಿದ್ದೆ.
ನಾನಲ್ಲ ಅಂದ.
ಮದುವೆಯ ದಿನ ಕೇಳಿದೆ, ನಾನಲ್ಲ ಅಂದ.
ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ ಇಟ್ಟುಕೊಂಡು,
ತಲೆಯಾಡಿಸಿದ: ಅಲ್ಲ.
ಬಣ್ಣ ಬಯಲಾಯಿತು ಕಣೋ, ಕಳ್ಳ,
ಐವತ್ತೆಂಟು ವರ್ಷಕ್ಕೆ!

ಹೀಗೆ ಬೆಳಕಿಗೆ ಹಿಡಿಯುವಷ್ಟರಲ್ಲಿ
ಅದೂ ಇಳಿದುಹೋಯಿತು ಕೈಗವಸಿನ ಮೇಲೆ.
ಉಗುರುಬಣ್ಣ ತೆಗೆಯುವುದಕ್ಕೇ ಅಲ್ಲವೆ
ಇದನ್ನು ಅಂಗಡಿಯಲ್ಲಿ ಮಾರುವುದು.
ಈಗ ಬರೀ ಲೋಹ. ಹೊಟ್ಟೆಯ ಮೇಲೆ ಅಚ್ಚಿನ ಗೆರೆ.
ಮೀಸೆ ಇದೆ. ಹುಬ್ಬೂ ಇದೆ, ಒಂದು ಸ್ವಲ್ಪ ಮೇಲೆ.

ಸಿಂಕಿಗೆ ಸುರಿಯಬೇಡ ಅದನ್ನು.
ಮುಚ್ಚಳ ಬಿಗಿಮಾಡು, ಚೀಟಿ ಬರೆ,
ಗುರುವಾರ ಪುರಸಭೆಯ ಕಸದಂಗಳಕ್ಕೆ ಒಯ್ಯುತ್ತೇನೆ.
ಹೋದ ಸಲ ಅಲ್ಲಿಯವನು
ಏನಿದು ಎಂದು ಕೇಳಿ, ಉತ್ತರಕ್ಕೆ ಕಾಯದೆ
ಥಿನ್ನರ್ ಎಂದು ಬರೆದುಕೊಂಡ.

ಕೈ ತೊಳೆ, ಸೋಪು ಹಚ್ಚಿ, ಎರಡು ಸಲ.
ಆ ಮುಖವಿಲ್ಲದ ಡೋಲಿನವನು ಮೇಜಿನ ಮೇಲಿಲ್ಲ.
ನಿನ್ನ ಕಿಸೆ ಒದ್ದೆಯಾಗಿದೆ, ಕಾಜಿಕ್.
ಒಣಗಲಾದರೂ ಬಿಡಬಾರದಿತ್ತೆ.
ನೀನೇನಾ?

ಸರಿ, ನೀನಲ್ಲ.
ಚಹಾಕ್ಕೆ ಸಕ್ಕರೆ ಎಷ್ಟು?